ಹರಕತ್ ಇಲ್ಲ

ನನಗೆ ಬರುವ ಇಂಗ್ಲಿಷ್ ಮಾತು ಎಣಿಸಿದರೆ ಮೂವತ್ತು ದಾಟಲಿಕ್ಕಿಲ್ಲ. ಅವನ್ನು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ಕನ್ನಡ ಅಕ್ಷರವನ್ನೇ ತಲೆ ನೆರೆತ ಮೇಲೆ ಮೊಮ್ಮಗಳ ಪಾಟಿಯಲ್ಲಿ ತಿದ್ದಿದವಳು ನಾನು. ಈಗಲೂ ಒತ್ತಕ್ಷರ ಬಂದರೆ ಕೈ ನಿಲ್ಲುತ್ತದೆ. ಇಂಗ್ಲಿಷ್ ಕಲಿತದ್ದು ಬೀದರಿನಲ್ಲಿ, ಒಬ್ಬ ಬಿಳಿ ಡಾಕ್ಟರಬಾಯಿಯ ಮನೆಯಲ್ಲಿ, ಪಾತ್ರೆ ತಿಕ್ಕುತ್ತಾ, ಬಟ್ಟೆ ಒಣಹಾಕುತ್ತಾ. ಅದರಲ್ಲಿ ಒಂದು ಮಾತಿನಿಂದ ಒಬ್ಬ ಮುದುಕಿಯ ಕಣ್ಣು ಹೋಯಿತು. ಮಾತಿನಿಂದ ಎಂದು ಬರೆದೆ. ನನ್ನಿಂದ ಎಂದು ಬರೆಯಬೇಕು.

ನಾನು ಭಾಲ್ಕಿಯವಳು. ಸಣ್ಣವಳಿದ್ದಾಗಲೇ ಮದುವೆ ಮಾಡಿದ್ದರು, ಆ ಗಂಡ ಜ್ವರದಲ್ಲಿ ಹೋದ. ತವರಿನಲ್ಲಿ ಉಣ್ಣುವವರು ಹೆಚ್ಚು, ರೊಟ್ಟಿ ಕಡಿಮೆ. ಬೀದರಿನಲ್ಲಿದ್ದ ಸೋದರತ್ತೆ ನನ್ನನ್ನು ಕರೆಸಿಕೊಂಡು ಡಾಕ್ಟರಬಾಯಿಯ ಬಂಗಲೆಯಲ್ಲಿ ಕೆಲಸಕ್ಕೆ ಹಚ್ಚಿದಳು. ಆಗ ಹದಿನೆಂಟು ವರ್ಷ ಇರಬಹುದು. ಡಾಕ್ಟರಬಾಯಿಗೆ ಹಿಂದೂಸ್ತಾನಿ ಅರ್ಧಂಬರ್ಧ ಬರುತ್ತಿತ್ತು, ಕನ್ನಡ ಏನೂ ಬರುತ್ತಿರಲಿಲ್ಲ. ಬಂಗಲೆಯ ಮಗ್ಗುಲಲ್ಲೇ ಇದ್ದ ದವಾಖಾನೆಯಲ್ಲಿ ಕಂಪೌಂಡರ್ ಇದ್ದ, ರೋಗಿಗಳ ಮಾತನ್ನು ಅವರಿಗೆ, ಅವರ ಮಾತನ್ನು ರೋಗಿಗಳಿಗೆ ತಿರುಗಿಸಿ ಹೇಳುತ್ತಿದ್ದ. ಮನೆಗೆ ಬಂದರೆ ಅವರ ಜೊತೆ ಮಾತಾಡುವವರು ಯಾರೂ ಇರಲಿಲ್ಲ. ಅದಕ್ಕೆ ಸಂಜೆ ವರಾಂಡದಲ್ಲಿ ಕುಳಿತು ನನ್ನ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು, ನನಗೆ ತಿಳಿಯಲಿ ಬಿಡಲಿ. ಹೀಗೆ ದಿನಾ ಕೇಳಿ ಕೇಳಿ ಕೆಲವು ಮಾತು ಕಿವಿಯಲ್ಲಿ ನಿಂತವು. ಆಲ್ ರೈಟ್. ಕಮ್ ಹಿಯರ್. ಜಸ್ಟ್ ಎ ಮಿನಿಟ್. ವೈ ಎಂದರೆ ಯಾಕೆ. ಇಚಿಂಗ್ ಎಂದರೆ ತುರಿಕೆ. ದವಾಖಾನೆಗೆ ಬರುವ ಅರ್ಧ ಮಂದಿಗೆ ಅದೇ ರೋಗ, ದಿನಾ ಹತ್ತು ಸಲ ಕೇಳುತ್ತಿದ್ದೆ. ಡೋಂಟ್ ಎಂದರೆ ಬೇಡ. ಅದಂತೂ ನನಗೇ ಬೀಳುತ್ತಿದ್ದ ಮಾತು. ಡೋಂಟ್ ಟಚ್. ಡೋಂಟ್ ರನ್. ಡೋಂಟ್ ಶೌಟ್.

ಅಡುಗೆಯ ಚಾಚಾ ನನಗಿಂತ ಮೊದಲಿನಿಂದ ಅಲ್ಲಿದ್ದವನು. ಅವನಿಗೆ ನನಗಿಂತ ಹೆಚ್ಚು ಇಂಗ್ಲಿಷ್ ಬರುತ್ತಿತ್ತು, ಆದರೆ ಆಡಿ ತೋರಿಸುತ್ತಿರಲಿಲ್ಲ. ಒಂದು ದಿನ ಅವನನ್ನು ಕೇಳಿದೆ, "ಚಾಚಾ, ವೆಲ್ ಅಂದ್ರ ಏನು?"

"ವೆಲ್ ಬೋಲೆ ತೋ ಬಾವಿ," ಎಂದ.

ಡಾಕ್ಟರಬಾಯಿ ಏನಾದರೂ ಕೈ ಮೀರಿದಾಗ ಕೈಚೆಲ್ಲಿ "ಓ ವೆಲ್" ಎನ್ನುತ್ತಿದ್ದರು. ನಾನು ಓಡಿ ಹೋಗಿ ಬಾವಿಯಿಂದ ತಣ್ಣೀರು ಸೇದಿ ಒಂದು ಲೋಟ ತಂದುಕೊಡುತ್ತಿದ್ದೆ. ಅವರು ನನ್ನ ಮುಖ ನೋಡುತ್ತಿದ್ದರು, ಥ್ಯಾಂಕ್ಯೂ ಎಂದು ಕುಡಿಯುತ್ತಿದ್ದರು. ಹದಿನೈದು ದಿನ ಹೀಗೇ ನಡೆಯಿತು. ಕೊನೆಗೆ ಚಾಚಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಆ ವೆಲ್ ಬ್ಯಾರೆ, ಈ ವೆಲ್ ಬ್ಯಾರೆ. ನಿನ್ನ ನೀರ ಕುಡದ್ ಕುಡದ್ ಬಾಯಿಸಾಬಗ ನೆಗಡಿ ಆಗೇದ ನೋಡ್." ಅಂದಿನಿಂದ ಅವನು ನನ್ನನ್ನು ಅಂಗ್ರೇಜಿ ಮೇಡಮ್ ಎಂದೇ ಕರೆದ. ಅವನು ಚೇಷ್ಟೆಗೆ ಕರೆದ, ನಾನು ನಿಜ ಎಂದು ಹಿಗ್ಗಿದೆ.

ಮಳೆಗಾಲ ಮುಗಿದ ಮೇಲೆ ಡಾಕ್ಟರಬಾಯಿ ಔರಾದಿಗೆ ಹೋಗಿ ಎರಡು ವಾರ ಇದ್ದು ಕಣ್ಣು ನೋಡುತ್ತಿದ್ದರು. ಆ ವರ್ಷ ಹೊರಡುವ ಮುಂಚೆ ಕಂಪೌಂಡರನಿಗೆ ಜ್ವರ ಬಂತು. "ಯು ಕಮ್," ಎಂದರು ನನಗೆ. ಚಾಚಾ ಪಾತ್ರೆಪಗಡದ ಬಂಡಿಯಲ್ಲಿ, ನಾನು ಔಷಧಿಯ ಬಂಡಿಯಲ್ಲಿ. ಔರಾದಿನಲ್ಲಿ ಒಂದು ಹಳೆಯ ಚಾವಡಿ ಬಿಟ್ಟುಕೊಟ್ಟಿದ್ದರು. ಒಳಗೆ ದೊಡ್ಡ ಪಡಸಾಲೆ, ಮುಂದೆ ಅಂಗಳ, ಸುತ್ತ ಎತ್ತರದ ಗೋಡೆ, ಗೋಡೆಯಾಚೆ ಬೇವಿನ ಮರ. ಮಾತು ತಿರುಗಿಸುವ ಕೆಲಸ ಈಗ ನನ್ನದು. ನಾಲ್ಕು ದಿನದಲ್ಲಿ ಔರಾದಿನ ಮಂದಿ ನನ್ನನ್ನು, ಶಾಲೆ ಕಲಿಸುವವರನ್ನು ಕರೆದ ಹಾಗೆ, ಅಕ್ಕೋರು ಎನ್ನತೊಡಗಿದರು. ಮುಸುರೆ ತಿಕ್ಕುವವಳನ್ನು ಅಕ್ಕೋರು ಎಂದರೆ ಏನಾಗುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ನನ್ನ ನಡಿಗೆಯೇ ಬೇರೆಯಾಯಿತು.

ಐದನೆಯ ದಿನ ಎಕಂಬಾದಿಂದ ಒಬ್ಬ ಮುದುಕಿ ಬಂದಳು, ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಒಂದು ಕಣ್ಣಿನದು ಪೂರ್ತಿ ಬಲಿತಿತ್ತು, ಡಾಕ್ಟರಬಾಯಿ ಅದನ್ನು ಅವತ್ತೇ ಕೊಯ್ದರು. ಆಗಿನ ಪದ್ಧತಿ ಈಗಿನಂತಲ್ಲ. ಒಂದೇ ಕಣ್ಣು ಕೊಯ್ದರೂ ಎರಡಕ್ಕೂ ಪಟ್ಟಿ ಕಟ್ಟುತ್ತಿದ್ದರು, ತಲೆಯ ಎರಡೂ ಬದಿಗೆ ಉಸುಕಿನ ಚೀಲ ಇಡುತ್ತಿದ್ದರು. ಆರು ದಿನ ಅಂಗಾತ ಮಲಗಬೇಕು, ಕತ್ತು ಹೊರಳಿಸಬಾರದು.

ಮಗಳು ನನ್ನ ಹತ್ತಿರ ಬಂದು ಕೈಮುಗಿದಳು. ನನ್ನದೇ ವಯಸ್ಸಿನವಳು.

"ಅಕ್ಕೋರ, ನಮ್ಮವ್ವಗ ನಾ ಬಿಟ್ರ ಯಾರಿಲ್ರಿ. ಕತ್ತಲಂದ್ರ ಅಂಜತಾಳ್ರಿ. ಬಾಜೂಕ ನಾ ಕುಂದರಲೇನ್ರಿ? ಡಾಕ್ಟರಬಾಯಿಗಿ ಒಂದ್ ಮಾತ ಕೇಳ್ರಿ."

ಡಾಕ್ಟರಬಾಯಿ ಕೈ ತೊಳೆಯುತ್ತಿದ್ದರು. ನಾನು ಎಲ್ಲರೂ ಕೇಳುವ ಹಾಗೆ ಗಟ್ಟಿಯಾಗಿ ಕೇಳಿದೆ, "ಡಾಟರ್ ಸ್ಟೇ?"

ಅವರು ತಿರುಗಿ ನೋಡದೆ ಹೇಳಿದರು, "ಐ ಡೋಂಟ್ ಮೈಂಡ್."

ಡೋಂಟ್ ನನಗೆ ಗೊತ್ತಿದ್ದ ಮಾತು. ಮೈಂಡ್ ಏನೋ ಗೊತ್ತಿರಲಿಲ್ಲ, ಆದರೆ ಡೋಂಟ್ ಬಂದ ಮೇಲೆ ಮುಂದಿನದು ಯಾಕೆ ಬೇಕು?

"ಬ್ಯಾಡ ಅಂತಾರ," ಎಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ತಪ್ಪು ತಪ್ಪಾಗಿಯೇ ಉಳಿಯುತ್ತಿತ್ತು. ಮಗಳು ಅಲ್ಲೇ ನಿಂತು, "ಸಿಟ್ಟಾಗ್ಯಾರೇನ್ರಿ? ಯಾಕ ಬ್ಯಾಡ ಅಂತಾರಂತ್ರಿ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎನ್ನಲು ಮನಸ್ಸಾಗಲಿಲ್ಲ. ನನ್ನ ಕಡೆಯಿಂದಲೇ ಸೇರಿಸಿದೆ: "ಹಳ್ಳಿ ಮಂದಿ ಒಳಗ ಇದ್ರ ಹೊಲಸ ಆಗ್ತದ ಅಂತಾರ. ಹೊರಗ ಕುಂದ್ರು. ಅಕಿನ್ನ ನಾ ನೋಡ್ಕೋತೇನಿ."

ಆಕೆ ತನ್ನ ಸೀರೆಯನ್ನು ಒಮ್ಮೆ ನೋಡಿಕೊಂಡಳು. ತೊಳೆದು ಉಟ್ಟದ್ದೇ ಆಗಿತ್ತು. ಗಂಟು ಎತ್ತಿಕೊಂಡು ಹೋಗಿ ಗೋಡೆಯಾಚೆ ಬೇವಿನ ಬುಡದಲ್ಲಿ ಕುಳಿತಳು. ಒಳಗೆ ಡಾಕ್ಟರಬಾಯಿ ಮುದುಕಿಯ ಪಕ್ಕದ ಖಾಲಿ ಚಾಪೆ ನೋಡಿದರು, ಮಗಳಿಗೇ ಇರಲು ಮನಸ್ಸಿಲ್ಲ ಎಂದುಕೊಂಡಿರಬೇಕು. "ಓ ವೆಲ್," ಎಂದರು.

ಮರುದಿನ ಬೆಳಿಗ್ಗೆ ಚಾಚಾ ಮೊಟ್ಟೆಯನ್ನು ಕಲ್ಲಾಗುವಷ್ಟು ಬೇಯಿಸಿಬಿಟ್ಟಿದ್ದ. ತಟ್ಟೆ ಇಟ್ಟು ಇಂಗ್ಲಿಷಿನಲ್ಲಿ ಏನೋ ತಪ್ಪೊಪ್ಪಿಕೊಂಡ. "ಐ ಡೋಂಟ್ ಮೈಂಡ್," ಎಂದರು ಡಾಕ್ಟರಬಾಯಿ. ನಾನು ತಟ್ಟೆ ಎತ್ತಲು ಕೈ ಚಾಚಿದೆ. ಅವರು ಅದನ್ನು ತಮ್ಮ ಕಡೆಗೆ ಎಳೆದುಕೊಂಡು ತಿಂದರು.

ಅಡುಗೆ ಮಾಡುವ ಮೂಲೆಗೆ ಹೋಗಿ ಚಾಚಾನನ್ನು ಕೇಳಿದೆ. "ಡೋಂಟ್ ಅಂದ್ರಲ್ಲ, ಮತ್ತ ಹ್ಯಾಂಗ ತಿಂದ್ರು?"

"ಅರೇ ದೀವಾನಿ," ಎಂದ ಚಾಚಾ, ಒಲೆ ಊದುತ್ತಾ. "ಡೋಂಟ್ ಮೈಂಡ್ ಬೋಲೆ ತೋ ಹರಕತ್ ನೈ. ನಿಮ್ಮ ಭಾಲ್ಕ್ಯಾಗ ಅಂತೀರಲ್ಲ, ಹರಕತ್ ಇಲ್ಲ. ಅದೇ."

ಕೈಯಲ್ಲಿದ್ದ ಇಕ್ಕಳ ಕೆಳಗೆ ಇಟ್ಟೆ. ಹರಕತ್ ಇಲ್ಲ, ಅಂದರೆ ಅಡ್ಡಿಯಿಲ್ಲ, ಎಂದು ನಾನು ದಿನಕ್ಕೆ ಇಪ್ಪತ್ತು ಸಲ ಅನ್ನುತ್ತೇನೆ. ಯಾರಾದರೂ ಬರಲೇ ಎಂದರೆ, ಕೂರಲೇ ಎಂದರೆ, ಒಂದು ಕೊಡ ನೀರು ಒಯ್ಯಲೇ ಎಂದರೆ. ಅದರಲ್ಲೂ ಇಲ್ಲ ಎಂಬುದಿದೆ, ಅದನ್ನು ಕೇಳಿ ಯಾರೂ ಇದುವರೆಗೆ ಎದ್ದು ಹೋಗಿಲ್ಲ. ಆ ಮಾತು ನನ್ನ ಬಾಯಲ್ಲೇ ಇತ್ತು, ಇಂಗ್ಲಿಷಿನ ಬಟ್ಟೆ ಉಟ್ಟು ಬಂದಾಗ ಗುರುತು ಹಿಡಿಯಲಿಲ್ಲ.

ಇದು ಕಣ್ಣು ಕೊಯ್ದ ಎರಡನೆಯ ದಿನದ ಬೆಳಿಗ್ಗೆ. ಮುದುಕಿಯ ಕಣ್ಣು ಇನ್ನೂ ಚೆನ್ನಾಗಿಯೇ ಇತ್ತು. ಅಂಗಳ ದಾಟಿದರೆ ಬಾಗಿಲು, ಬಾಗಿಲಾಚೆ ಮಗಳು. ಒಳಗೆ ಬಾ ಎಂದರೆ ಸಾಕಿತ್ತು. ನಾನು ಬಾಗಿಲ ತನಕ ಹೋದೆ ಕೂಡ.

ನನ್ನನ್ನು ಕಂಡೊಡನೆ ಆಕೆ ಎದ್ದು ನಿಂತಳು. "ನಮ್ಮವ್ವ ಉಂಡಳೇನ್ರಿ ಅಕ್ಕೋರ?"

"ಗಂಜಿ ಕುಡದಾಳ."

"ಅಂಜಿಲ್ಲಲ್ರಿ?"

"ಇಲ್ಲ."

ಬೇವಿನ ಕೆಳಗೆ ಇನ್ನೂ ಏಳೆಂಟು ಮಂದಿ ಕುಳಿತಿದ್ದರು, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಿನ್ನೆ ನಾನು ಹೇಳಿದ್ದು ತಪ್ಪು, ಹೊಲಸು ಎಂಬುದೂ ನನ್ನದೇ ಮಾತು, ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಅವರ ಮುಂದೆ ಹೇಳಬೇಕಿತ್ತು. ಮಂದಿ ಕರಗಿದ ಮೇಲೆ ಹೇಳಿದರಾಯಿತು ಎಂದುಕೊಂಡು ತಿರುಗಿ ಬಂದೆ. ಮಂದಿ ಕರಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಡಾಕ್ಟರಬಾಯಿ ಊಟ ಮಾಡಿ ಒರಗಿದ್ದರು. ಮುದುಕಿಯ ಹತ್ತಿರ ನಾನು ಇರಬೇಕಾಗಿತ್ತು. ನೋಡಿಕೊಳ್ಳುತ್ತೇನೆ ಎಂದವಳು ನಾನೇ. ಚಾಚಾನ ಹತ್ತಿರ ಹೊಸ ಮಾತು ಕಲಿಯುತ್ತಾ ಕುಳಿತಿದ್ದೆ. ಇನ್ನು ತಪ್ಪು ಮಾಡಬಾರದು ಎಂದು ಕಲಿಯುತ್ತಿದ್ದೆ, ಹಾಗೆ ನನಗೆ ನಾನೇ ಹೇಳಿಕೊಂಡಿದ್ದೆ. ಪಡಸಾಲೆಯಿಂದ ಮುದುಕಿ ಮಗಳನ್ನು ಕೂಗುವುದು ಕೇಳಿಸಿತು. ಎರಡು ಸಲ ಕೂಗಿದಳು. ಬಂದೆ ಎನ್ನಲಿಲ್ಲ ನಾನು. ಆಕೆ ಕೂಗಿದ್ದು ನನ್ನನ್ನಲ್ಲ. ಆಮೇಲೆ ಸುಮ್ಮನಾದಳು.

ಹೋಗಿ ನೋಡಿದಾಗ ಎದ್ದು ಕುಳಿತಿದ್ದಳು. ಪಟ್ಟಿ ಬಿಚ್ಚಿ ಮಡಿಲಲ್ಲಿ ಹಾಕಿಕೊಂಡಿದ್ದಳು, ಬೆರಳು ಕಣ್ಣಿನ ಮೇಲೆ. ಕೊಯ್ದ ಕಣ್ಣು ಒಡೆದಿತ್ತು. ಹೆಚ್ಚು ಬರೆಯುವುದಿಲ್ಲ.

ಡಾಕ್ಟರಬಾಯಿ ಓಡಿ ಬಂದರು, ಒಂದು ತಾಸು ಏನೇನೋ ಮಾಡಿದರು. ಕೊನೆಗೆ ಕೈ ಇಳಿಬಿಟ್ಟು, "ಓ ವೆಲ್," ಎಂದರು, ಬಹಳ ಮೆಲ್ಲಗೆ. ನನಗೆ ನೀರು ತರಬೇಕು ಎನಿಸಿತು. ತರಲಿಲ್ಲ. ಆಮೇಲೆ ತಮ್ಮ ಬುಕ್ಕು ತೆಗೆದು ನನ್ನ ಕಡೆ ತಿರುಗಿದರು. "ಆಸ್ಕ್ ಹರ್ ವೈ."

ಕೇಳಿದೆ. "ಯಾಕ ತಗದಿ ಅಂತ ಕೇಳ್ತಾರವ್ವ."

"ಮಗಳಿಗಿ ಕೂಗದೆ," ಎಂದಳು ಮುದುಕಿ. "ಓ ಅನಲಿಲ್ಲ. ಬಿಟ್ಟು ಹೋದ್ಳೇನೋ ಅನಸ್ತು. ಅದಾಳೋ ಇಲ್ಲೋ ನೋಡಬೇಕಂತ ತಗದೆ."

ಡಾಕ್ಟರಬಾಯಿ ಕಾಯುತ್ತಿದ್ದರು. ಡಾಟರ್ ಗೊತ್ತಿತ್ತು. ಕಾಲ್ ಗೊತ್ತಿತ್ತು, ಸೀ ಗೊತ್ತಿತ್ತು, ನೋ ಗೊತ್ತಿತ್ತು. ಆ ನಾಲ್ಕನ್ನು ಕೂಡಿಸಿದ್ದರೆ ಅವರಿಗೆ ತಿಳಿಯುತ್ತಿತ್ತು. ತಿಳಿದರೆ ಮಗಳನ್ನು ಯಾರು ಹೊರಗೆ ಕೂರಿಸಿದರು ಎಂದು ಕೇಳುತ್ತಿದ್ದರು.

"ಇಚಿಂಗ್," ಎಂದೆ.

ಅವರು ಬರೆದುಕೊಂಡರು. ನನ್ನ ಜೀವನದಲ್ಲಿ ತಡವರಿಸದೆ, ತಪ್ಪಿಲ್ಲದೆ, ಹೊತ್ತಿಗೆ ಸರಿಯಾಗಿ ಆಡಿದ ಇಂಗ್ಲಿಷ್ ಮಾತು ಅದೊಂದೇ. ಬಾಗಿಲಾಚೆ ಹೋಗಿ ಮಗಳಿಗೂ ಅದನ್ನೇ ಹೇಳಿದೆ, ಕನ್ನಡದಲ್ಲಿ. "ತುರಿಕಿ ತಾಳಲಾರದ ತಿಕ್ಕೊಂಡಾಳ. ಡಾಕ್ಟರಬಾಯಿ ಬುಕ್ಕಿನ್ಯಾಗ ಬರಕೊಂಡಾರ."

ಇನ್ನೊಂದು ಕಣ್ಣನ್ನು ಮುಂದಿನ ವರ್ಷ ನೋಡೋಣ ಎಂದು ಹೇಳಿ ಕಳಿಸಿದರು. ಮುಂದಿನ ವರ್ಷ ತಾಯಿ ಮಗಳು ಬರಲಿಲ್ಲ ಎಂದು ಆಮೇಲೆ ಚಾಚಾನಿಂದ ತಿಳಿಯಿತು. ಮಳೆ ನಿಂತ ಮೇಲೆ ಡಾಕ್ಟರಬಾಯಿ ಮತ್ತೆ ಔರಾದಿಗೆ ಹೋದರು, ಕಂಪೌಂಡರ್ ಜೊತೆಗಿದ್ದ, ನನ್ನನ್ನು ಕರೆಯುವ ಅಗತ್ಯ ಬೀಳಲಿಲ್ಲ. ಸ್ವಲ್ಪ ದಿನಕ್ಕೆ ಭಾಲ್ಕಿಯಲ್ಲಿ ನನಗೆ ಉಡಿಕೆ ಮಾಡಿದರು, ಗಂಡ ಸತ್ತವಳಿಗೆ ಮಾಡುವ ಎರಡನೆಯ ಮದುವೆ. ಮಕ್ಕಳಾದವು. ಇಂಗ್ಲಿಷ್ ಆಡಲಿಲ್ಲ.

ಒಂಬತ್ತು ವರ್ಷದ ಮೇಲೆ ಗಂಡ ಎತ್ತು ಕೊಳ್ಳಲು ಔರಾದಿಗೆ ಬಂಡಿ ಕಟ್ಟಿದ. ನಾನೂ ಹತ್ತಿದೆ. ಅವನನ್ನು ಸಂತೆಯಲ್ಲಿ ಬಿಟ್ಟು ಎಕಂಬಾಕ್ಕೆ ಹೊರಟಿದ್ದ ಇನ್ನೊಂದು ಬಂಡಿಯಲ್ಲಿ ಕುಳಿತೆ. ಮನೆ ಸಿಕ್ಕಿತು. ಮಗಳು ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನ ಗುರುತು ಹಿಡಿದಳು.

"ನಿಮ್ಮವ್ವ?" ಎಂದೆ.

"ಹೋಗಿ ಎರಡ್ ವರ್ಷ ಆತ್ರಿ ಅಕ್ಕೋರ."

ನಿಂತೇ ಎಲ್ಲ ಹೇಳಿದೆ. ಡೋಂಟ್ ಮೈಂಡ್ ಎಂದರೆ ಹರಕತ್ ಇಲ್ಲ ಎಂಬುದನ್ನೂ ಬಿಡಿಸಿ ಹೇಳಿದೆ. ಆಕೆ ಹರಳು ಆರಿಸುತ್ತಲೇ ಕೇಳಿದಳು.

"ಅಂದ್ರ ಡಾಕ್ಟರಬಾಯಿ ನನಗ ಇರು ಅಂದಿದ್ರು."

"ಇರು ಅಂದಿದ್ರು."

"ಹೊಲಸ ಆಗ್ತದ ಅಂತ?"

"ಅದು ನಾ ಅಂದಿದ್ದು."

"ತುರಿಕಿ?"

"ಅದೂ ನಾನೇ."

ಮೊರವನ್ನು ಕೆಳಗಿಟ್ಟಳು. "ನಮ್ಮವ್ವ ಹೇಳ್ತಿದ್ಲ್ರಿ. ನಿನಗ ನೋಡಬೇಕಂತ ತಗದೆ ಅಂತ ಸಾಯೋ ತನಕ ಹೇಳಿದ್ಲು. ನಾ ನಂಬಲಿಲ್ಲ. ಡಾಕ್ಟರಬಾಯಿ ಬುಕ್ಕಿನ್ಯಾಗ ತುರಿಕಿ ಅಂತ ಬರದಾರ, ನನ್ನ ಮ್ಯಾಲ್ಯಾಕ ಹಾಕ್ತಿ ಅಂತ ಬೈತಿದ್ದೆ. ಮುಂದ್ ಮುಂದ್ ಹೇಳದು ಬಿಟ್ಲು."

ಕಣ್ಣಿನ ಲೆಕ್ಕ ಒಂದನ್ನೇ ಹೊತ್ತುಕೊಂಡು ಹೋಗಿದ್ದೆ ನಾನು. ಕಣ್ಣು ಹೋದ ಮೇಲೆ ಮುದುಕಿಗೆ ಉಳಿದದ್ದು ಮಗಳು, ಆ ಮಗಳ ನಂಬಿಕೆಯನ್ನೂ ನಾನೇ ಕಿತ್ತುಕೊಂಡಿದ್ದೆ. ಅದು ನನಗೆ ಆ ಕಟ್ಟೆಯ ಮುಂದೆ ನಿಂತಾಗ ತಿಳಿಯಿತು, ಅಲ್ಲಿಯ ತನಕ ಹೊಳೆದಿರಲಿಲ್ಲ.

"ತಪ್ಪಾಗೇದವ್ವಾ," ಎಂದೆ.

ಆಕೆ ಎದ್ದಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ನಮ್ಮ ಕಡೆ ಮನೆಗೆ ಬಂದವರಿಗೆ ಬರಿ ನೀರು ಕೊಡುವುದಿಲ್ಲ, ಒಂದು ಚೂರು ಬೆಲ್ಲ ಇಟ್ಟು ಕೊಡುತ್ತಾರೆ, ಬಂದವರು ಯಾರೇ ಆಗಿರಲಿ.

"ಬೆಲ್ಲ ತೀರೇದ," ಎಂದಳು. "ಬರೀ ನೀರ ಅದ."

"ಹರಕತ್ ಇಲ್ಲ," ಎಂದೆ. ರೂಢಿಯಿಂದ ಬಾಯಿಗೆ ಬಂತು.

ತಂಬಿಗೆ ಕೊಡಲು ಚಾಚಿದ್ದ ಕೈ ಹಾಗೆಯೇ ನಿಂತಿತು. ಆಕೆ ನನ್ನ ಮುಖ ನೋಡಿದಳು. ನಾನು ನೀರು ತೆಗೆದುಕೊಂಡು ಕುಡಿದೆ.