ಎಲ್ಲರ ಒಲೆ ಆರಿದ ದಿನ

ನಮ್ಮ ಮನೆಯ ಫ್ಯಾಮಿಲಿ ಪ್ರೇಯರಿಗೆ ಒಂದು ಡಿಸಿಪ್ಲಿನ್ ಇತ್ತು. ಅಪ್ಪ ಯಾದಗಿರಿಯಲ್ಲಿ ಮಿಷನ್ ಶಾಲೆಯ ಮಾಸ್ತರರು, ಭಾನುವಾರ ಚರ್ಚಿನಲ್ಲಿ ಬೋಧಕರು. ಸಂಜೆ ದೀಪ ಹಚ್ಚಿದ ಮೇಲೆ ಚಾಪೆಯ ಮೇಲೆ ಕುಳಿತು ಒಬ್ಬರಾದ ಮೇಲೊಬ್ಬರು ಬಾಯಿಬಿಟ್ಟು ಪ್ರಾರ್ಥಿಸಬೇಕು. ಅವ್ವನ ಟರ್ನ್ ಬಂದಾಗ ಮಾತ್ರ ಸೈಲೆನ್ಸ್. ಅಪ್ಪ ತುಸು ಕಾದು, ತಾವೇ ಆಮೆನ್ ಅನ್ನುತ್ತಿದ್ದರು.

ಅಣ್ಣ ಹೋದ ಮೇಲೆ ಹೀಗಾಯಿತು. ಸುರಪುರದಲ್ಲಿ ಓದುತ್ತಿದ್ದವನು, ನಿಜಾಮರ ರಾಜ್ಯ ಇಂಡಿಯಾಕ್ಕೆ ಸೇರಬೇಕೆನ್ನುವವರ ಜೊತೆ ಗಡಿ ದಾಟಿ ವಿಜಾಪುರದ ಕಡೆಯ ಕ್ಯಾಂಪಿಗೆ ಹೊರಟುಹೋದ. ಮಳೆಗಾಲದಲ್ಲಿ ಹೋದವನ ಸುದ್ದಿ ಚಳಿಗಾಲವಾದರೂ ಇಲ್ಲ. ಶಹಾಪುರದ ಆಚೆ ಅಂಥ ಕೆಲವು ಹುಡುಗರನ್ನು ನಿಜಾಮರ ಕಡೆಯವರು ಕೊಂದುಹಾಕಿದರೆಂಬ ಮಾತು ಸಂತೆಯಿಂದ ಬಂತು. ಅಂದೇ ಅವ್ವನ ಬಾಯಿ ಮುಚ್ಚಿತು. ಗಲಾಟೆಯ ಭಯಕ್ಕೆ ನನ್ನನ್ನೂ ಹೈದರಾಬಾದಿನ ಕಾನ್ವೆಂಟಿನಿಂದ ಬಿಡಿಸಿ ತಂದಿದ್ದರು. ಸಿಸ್ಟರ್ಸ್ ಕಲಿಸಿದ ಇಂಗ್ಲಿಷ್ ಪ್ರೇಯರುಗಳೆಲ್ಲ ನನಗೆ ಬಾಯಿಪಾಠ. ಅವ್ವನ ಮುಂದೆ ಒಂದೂ ಕೆಲಸಕ್ಕೆ ಬರಲಿಲ್ಲ.

ಆಗಲೇ ದಿಲ್ಲಿಯ ಸುದ್ದಿ ಬಂದದ್ದು. ಬೆಳಗ್ಗೆ ಅಪ್ಪ ಸ್ಟೇಷನ್ನಿನಿಂದ ಬಂದವರೇ, "ಮುದುಕನ್ನ ಗುಂಡು ಹಾಕಿ ಕೊಂದಾರ. ಪ್ರಾರ್ಥನಾಕ್ಕ ಹೊಂಟಿದ್ದನಂತ," ಎಂದು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಯಾವ ಮುದುಕ ಎಂದು ಯಾರೂ ಕೇಳಲಿಲ್ಲ. ದೇಶಕ್ಕೆಲ್ಲ ಒಬ್ಬನೇ ಇದ್ದ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ ತಂದು ಉಣಿಸುತ್ತಾರೆ. ಕ್ರೈಸ್ತರಾಗಿ ಎರಡು ತಲೆಮಾರು ಕಳೆದರೂ ನಾವು ಅದನ್ನು ಬಿಟ್ಟಿರಲಿಲ್ಲ. ಅಂದು ಮಿಷನ್ ಕಂಪೌಂಡಿನ ಪ್ರತಿ ಮನೆಯವರೂ ಸಾವು ತಮ್ಮ ಮನೆಯಲ್ಲೇ ಆಗಿದೆಯೆಂದು ಒಲೆಗೆ ನೀರು ಸುರಿದು, ಬುಟ್ಟಿ ಬರುತ್ತದೆಂದು ಕುಳಿತರು. ಮಧ್ಯಾಹ್ನದ ಹೊತ್ತಿಗೆ ಸಣ್ಣ ಮಕ್ಕಳು ಹಸಿದು ಅಳತೊಡಗಿದವು. ನಾನು ಪಕ್ಕದ ನರ್ಸಮ್ಮನ ಮನೆಗೆ ಹೋಗಿ ಇಣುಕಿದೆ.

"ನಿಮ್ಮ ಮನಿ ಬುಟ್ಟಿ ಬರ್ತದಂತ ನಾ ದಾರಿ ನೋಡಾಕತ್ತೀನಿ," ಅಂದಳು ಆಕೆ. "ಬೋಧಕರ ಮಗಳಾಗಿ ಬರಿಗೈಲೆ ಬಂದೀಯಲ್ಲವ್ವಾ!"

ಬಂದು ಹೇಳಿದೆ. ಗೋಡೆಗೆ ಒರಗಿದ್ದ ಅವ್ವ ಅಪ್ಪನ ಕಡೆ ತಿರುಗಿದಳು. "ಎಲ್ಲಾರೂ ಸತ್ತ ಮನಿಯವರ ಆಗಿ ಕುಂತ್ರ ಬುಟ್ಟಿ ಏನು ದಿಲ್ಲಿಯಿಂದ ಬರ್ತದೇನ್ರಿ?"

"ಅಲ್ಲ, ನಮ್ಮ ಮನ್ಯಾಗರ..." ಎಂದು ಅಪ್ಪ ನಿಲ್ಲಿಸಿದರು. ಅವರು ದಿಲ್ಲಿಯ ಮುದುಕನ ಮಾತಾಡುತ್ತಿರಲಿಲ್ಲ, ಅಣ್ಣನ ಮಾತಾಡುತ್ತಿದ್ದರು. ನಮ್ಮದು ಆಗಲೇ ಸಾವಿನ ಮನೆ ಎಂದು ಇಬ್ಬರೂ ಒಳಗೊಳಗೇ ಒಪ್ಪಿಕೊಂಡಿದ್ದರು.

"ನಮ್ಮ ಮನ್ಯಾಗ ಯಾರೂ ಸತ್ತಿಲ್ಲ," ಅಂದಳು ಅವ್ವ. "ಸುದ್ದಿ ಬರೋತನಾ ನನ್ನ ಮಗ ಬದುಕ್ಯಾನ. ಹಿಟ್ಟಿನ ಡಬ್ಬಿ ತಾರವ್ವಾ ಇಲ್ಲೆ."

ಒಲೆ ಹೊತ್ತಿತು. ಜೋಳದ ರೊಟ್ಟಿ ಬಡಿಯುವ ಸದ್ದು ಕಂಪೌಂಡಿನ ತುಂಬ ಕೇಳಿಸಿತು. ಬುಟ್ಟಿ ಹೊತ್ತು ಮನೆಮನೆಗೆ ಹೋದವಳು ನಾನು. ಗೋಡೆಯಾಚೆ ರೈಲ್ವೆಯಲ್ಲಿ ಕೆಲಸ ಮಾಡುವವನ ಹೆಂಡತಿ, ನಾವು ಖಾಲಾ ಅನ್ನುತ್ತಿದ್ದ ಮುಸ್ಲಿಂ ಹೆಂಗಸು, ಅವಳ ಒಲೆಯೂ ಆರಿತ್ತು. ಅವಳಿಗೂ ಕೊಟ್ಟೆ.

ಸಂಜೆಯ ಪ್ರೇಯರಿನಲ್ಲಿ ಅವ್ವನ ಟರ್ನ್ ಬಂತು. ಅಪ್ಪ ಎಂದಿನಂತೆ ಕಾದರು.

"ತಂದೀ, ಇವತ್ತಿನ ರೊಟ್ಟಿ ಕೊಟ್ಟಿ. ನಾಳಿಗೂ ನನ್ನ ಕೈಲೆ ಒಲಿ ಹಚ್ಚಸು."

ಅಷ್ಟೇ. ಅಪ್ಪ ಆಮೆನ್ ಅನ್ನುವುದನ್ನು ಮರೆತರು.

ಮರುಮಳೆಗಾಲ ಮುಗಿಯುವಾಗ ಇಂಡಿಯಾದ ಸೈನ್ಯ ಬಂತು, ರಾಜ್ಯ ಸೇರಿತು. ಬೀದಿಯಲ್ಲಿ ಬಾವುಟ. ಅದರ ಹಿಂದೆಯೇ ಅಣ್ಣನ ಸುದ್ದಿ: ಕ್ಯಾಂಪಿನಲ್ಲಿ ಜ್ವರ ಬಂದು ತೀರಿಕೊಂಡು ಬಹಳ ದಿನವಾಗಿತ್ತಂತೆ. ಅವ್ವ ಎದ್ದು ಚೊಂಬು ತುಂಬಿ ಒಲೆಗೆ ತಾನೇ ನೀರು ಹಾಕಿದಳು. ನನಗೆ ಅಳು ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ. ನಂಬ್ ಎಂದು ಇಂಗ್ಲಿಷಿನಲ್ಲಿ ಹೇಳುತ್ತಾರಲ್ಲ, ಜೋಮು ಹಿಡಿದ ಕಾಲಿನ ಹಾಗೆ.

ಮೊದಲು ಬಂದ ಬುಟ್ಟಿ ಖಾಲಾಳದು. ಆ ದಿನಗಳಲ್ಲಿ ಮುಸಲ್ಮಾನರ ಮೇಲೆ ಆದ ದಾಳಿಗಳಲ್ಲಿ ಅವಳ ಗಂಡ ಎತ್ತ ಹೋದನೋ, ಮನೆಗೆ ಬಂದಿರಲಿಲ್ಲ. ಅವ್ವ ಬುಟ್ಟಿ ನೋಡಿದಳು, ಅವಳ ಮುಖ ನೋಡಿದಳು.

"ನೀ ಹೆಂಗ ಒಲಿ ಹಚ್ಚಿದೆವ್ವಾ?"

"ನಮ್ಮವರ ಖಬರ್ ಇನ್ನಾ ಬಂದಿಲ್ಲಲ್ಲಕ್ಕಾ," ಅಂದಳು ಖಾಲಾ, ರೊಟ್ಟಿ ಮುರಿದು ಅವ್ವನ ಕೈಯಲ್ಲಿಡುತ್ತ. "ಉಣ್ಣು."

ಅವ್ವ ಉಂಡಳು. ಆ ಸಂಜೆಯ ಪ್ರೇಯರನ್ನು ಅವ್ವನೇ ಶುರುಮಾಡಿದಳು. ಅಣ್ಣನ ಹೆಸರು ಎತ್ತಲಿಲ್ಲ. "ಆಕಿ ಒಲಿ ಆರಸಬ್ಯಾಡ, ತಂದೀ," ಅಂದಳು. ಆಮೆನ್ ನಾನು ಹೇಳಿದೆ.