ಹತ್ತಕ್ಕೆ ಬಿಟ್ಟು ಒಂದಕ್ಕೆ

ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡಿನ ಅಂಗಡಿ ಇಟ್ಟಿದ್ದ ಸಿದ್ದಬಸಪ್ಪನವರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಬೆಳಿಗ್ಗೆ ಸ್ನಾನ ಮಾಡಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಹನಿ ನೀರನ್ನೂ ಗಂಟಲಿಗೆ ಇಳಿಸಿದವರಲ್ಲ. ಟೈಫಾಯಿಡ್ ಬಂದಾಗಲೂ ಎರಡು ಚೊಂಬು ಬಿಸಿನೀರು ಸುರಿದುಕೊಂಡೇ ಪೂಜೆಗೆ ಕೂತಿದ್ದರು.

ತೊಂಬತ್ತೆಂಟರ ಬೇಸಿಗೆಯಲ್ಲಿ ಶಿಕಾಗೋದಿಂದ ಕರೆ ಬಂತು. ಅಲ್ಲಿದ್ದ ತಂಗಿ ಮಹಾನಂದಳ ಮಗಳ ಮದುವೆ. ಸೋದರಮಾವನಿಲ್ಲದೆ ಮದುವೆಯೇ? ಟಿಕೆಟ್ ತಂದುಕೊಟ್ಟ ಏಜೆಂಟನನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ: "ವಿಮಾನದಲ್ಲಿ ಬಚ್ಚಲು ಇರುತ್ತಾ?"

ಇರಲಿಲ್ಲ. ಹೆಂಡತಿ ಶೈಲಜಮ್ಮನಿಗೆ ಚಿಂತೆ ಹತ್ತಿತು. ಗಂಡನಿಗೆ ಸಕ್ಕರೆ ಕಾಯಿಲೆ. ಊಟದ ಹೊತ್ತು ಮೀರಿದರೆ ಮೈ ಬೆವರಿ ಕೈ ನಡುಗುತ್ತಿತ್ತು.

"ಒದ್ದೆ ಬಟ್ಟೇಲಿ ಮೈ ಒರೆಸ್ಕೊಂಡು ಪೂಜೆ ಮಾಡಿದ್ರಾಯ್ತು, ರೀ."

"ಏನೂ ಬೇಡ. ಟಿಕೆಟ್ ನೋಡಿಲ್ಲಿ. ರಾತ್ರಿಯೆಲ್ಲ ಹಾರಿ ಬೆಳಿಗ್ಗೆ ಜರ್ಮನಿ. ಅಲ್ಲಿ ಹತ್ತಕ್ಕೆ ಬಿಟ್ಟು ಒಂದಕ್ಕೆ ಶಿಕಾಗೋ. ಮೂರು ಗಂಟೆ ಹಸಿವು ತಡೀಲಾರೆನಾ? ಸ್ನಾನ, ಪೂಜೆ, ಊಟ ಎಲ್ಲಾ ಮಹಾನಂದನ ಮನೇಲಿ."

ಜರ್ಮನಿಯಲ್ಲಿ ವಿಮಾನ ಹತ್ತಕ್ಕೇ ಬಿಟ್ಟಿತು. ಶೈಲಜಮ್ಮ ಬೆಳಿಗ್ಗೆಯೇ ಕೂತಲ್ಲಿ ವಿಭೂತಿ ಧರಿಸಿ ಪೂಜೆ ಮುಗಿಸಿದ್ದರು. ಮನೆಯಿಂದ ತಂದ ಚಪಾತಿ, ಚಟ್ನಿಪುಡಿಯ ಗಂಟು ತೊಡೆಯ ಮೇಲಿತ್ತು. ಮೂರು ಗಂಟೆ ಕಳೆಯಿತು, ನಾಲ್ಕಾಯಿತು, ಐದಾಯಿತು. ಕೆಳಗೆ ಬರೀ ನೀರು. ಊಟದ ತಟ್ಟೆ ಬಂದು ವಾಪಸು ಹೋಯಿತು. ಸಿದ್ದಬಸಪ್ಪನವರು ಗಗನಸಖಿಯನ್ನು ಕರೆದು "ಶಿಕಾಗೋ?" ಎಂದರು. ಆಕೆ ನಗುತ್ತಾ ಐದು ಬೆರಳು ತೋರಿಸಿದಳು. ಇನ್ನೂ ಐದು ಗಂಟೆ!

ಕೈಗಡಿಯಾರದಲ್ಲಿ ಇನ್ನೂ ಊರಿನ ಸಮಯವೇ ಇತ್ತು; ಚಾಮರಾಜಪೇಟೆಯ ತಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತು. ಕಿಟಕಿಯಾಚೆ ಸೂರ್ಯ ಮಾತ್ರ ನೆತ್ತಿ ಬಿಟ್ಟು ಕದಲಿರಲಿಲ್ಲ. ಅವರ ಕೈ ನಡುಗತೊಡಗಿತು.

"ನಾವೂ ಸೂರ್ಯನೂ ಒಂದೇ ಕಡೆ ಓಡ್ತಿದೀವಿ, ರೀ. ಟಿಕೆಟ್‌ನಲ್ಲಿರೋ ಹತ್ತು ಜರ್ಮನಿ ಗಡಿಯಾರದ್ದು, ಒಂದು ಶಿಕಾಗೋ ಗಡಿಯಾರದ್ದು," ಎಂದರು ಶೈಲಜಮ್ಮ. "ನಾನು ಸೋದರಮಾವನ್ನ ಮದುವೆ ಮನೆಗೆ ಕರ್ಕೊಂಡು ಹೋಗ್ಬೇಕು, ಆಸ್ಪತ್ರೆಗಲ್ಲ."

"ನಿನಗೇನು, ತಿಂದು ಕೂತಿದೀಯ," ಎಂದು ಸಿಡುಕಿದರು.

ಶೈಲಜಮ್ಮ ಗಂಟು ಬಿಚ್ಚಿದರು. ಚಪಾತಿಗಳು ಕಟ್ಟಿದಂತೆಯೇ ಇದ್ದವು.

"ನೀನೂ ತಿಂದಿಲ್ವಾ?"

"ಮೂರು ಗಂಟೆ ಅಂದ್ರಲ್ಲ. ಒಟ್ಟಿಗೇ ಉಣ್ಣೋಣ ಅಂತ ಕೂತೆ."

ಸಿದ್ದಬಸಪ್ಪನವರಿಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು. ಎದ್ದು ಹೋಗಿ ಕೈಕಾಲು ಮುಖ ಒರೆಸಿಕೊಂಡು ಬಂದರು. ವಿಭೂತಿ ಧರಿಸಿ, ಕೊರಳಿನ ಬೆಳ್ಳಿ ಕರಡಿಗೆ ತೆರೆದು ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಪೂಜೆ ಎಂದಿನಂತೆಯೇ ಆಯಿತು. ಶಿವ ಬಚ್ಚಲಿನ ವಿಚಾರ ಕೇಳಲಿಲ್ಲ. ಮೊದಲ ತುತ್ತನ್ನು ಹೆಂಡತಿಯ ಕೈಗಿಟ್ಟರು. ಚಟ್ನಿಪುಡಿ ಅಷ್ಟು ರುಚಿಯೆಂದು ಅವರಿಗೆ ಗೊತ್ತೇ ಇರಲಿಲ್ಲ.

ಮದುವೆ ಚೆನ್ನಾಗಿ ಆಯಿತು. ಊರಿಗೆ ಬಂದ ಮೇಲೆ ಅಮೆರಿಕದಿಂದ ಏನು ತಂದಿರಿ ಎಂದು ಪೇಟೆಯವರು ಕೇಳುತ್ತಿದ್ದರು. ಅವರು ತಂದದ್ದು ಒಂದೇ ಅಭ್ಯಾಸ. ಮಧ್ಯಾಹ್ನ ಅಂಗಡಿಯಲ್ಲಿ ಊಟದ ಕ್ಯಾರಿಯರ್ ಮುಂದಿಟ್ಟುಕೊಂಡು ಮೊದಲು ಮನೆಗೆ ಫೋನ್ ಮಾಡುವರು: "ಶೈಲಾ, ನಿಂದು ಊಟ ಆಯ್ತಾ?" ಆಗಿದೆ ಎಂದ ಮೇಲೆಯೇ ಮುಚ್ಚಳ ತೆಗೆಯುವರು.