ರಿಯಾಳ ಫ್ರೇಮಿನಲ್ಲಿ ತಪ್ಪೆಲ್ಲಿತ್ತು?

"ಸರ್, ಇದರಲ್ಲಿ ತಪ್ಪು ಎಲ್ಲಿ ಉಂಟು, ಸ್ವಲ್ಪ ತೋರಿಸ್ತೀರಾ?"

ಕಳೆದ ಶನಿವಾರ ಬೆಳಿಗ್ಗೆ. ಯಾರ್ಡಿನ ನನ್ನ ಕ್ಯಾಬಿನ್ನಿನಲ್ಲಿ ಚಹಾದ ಲೋಟ ಇನ್ನೂ ಕೈಯಲ್ಲೇ ಇತ್ತು. ಲ್ಯಾನ್ಸಿ ಬಂದವರೇ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ್ದ ಒಂದು ಸೈಕಲ್ ಫ್ರೇಮನ್ನು ಮೇಜಿನ ಮೇಲೆ ಮಲಗಿಸಿದರು. ಚಕ್ರವಿಲ್ಲ, ಹ್ಯಾಂಡಲ್ ಇಲ್ಲ. ಬರೀ ಫ್ರೇಮ್.

ಲ್ಯಾನ್ಸಿ ನಮ್ಮ ಯಾರ್ಡಿನ ವೆಲ್ಡರ್. ಕುವೈತಿನ ಮೀನಾ ಅಲ್ ಅಹ್ಮದಿಯ ರಿಫೈನರಿಗೆ ಹೋಗುವ ಪೈಪುಗಳನ್ನು ಬೆಸೆಯುವವರು. ನಾನು ಕ್ಯೂಸಿ ಇನ್‌ಸ್ಪೆಕ್ಟರ್. ಅವರು ಬೆಸೆದದ್ದನ್ನು ನೋಡಿ ಪಾಸ್ ಅಥವಾ ರಿಜೆಕ್ಟ್ ಎಂದು ಬರೆಯುವವನು. (ಹದಿನೈದು ವರ್ಷದಿಂದ ಇದೇ ಕೆಲಸ. ನಾನು ದೋಸೆಯನ್ನೂ ಮಗುಚಿ ನೋಡಿಯೇ ತಿನ್ನುವುದು ಎಂದು ಹೆಂಡತಿಯ ದೂರು.)

ಆ ಫ್ರೇಮನ್ನು ನಾನು ಹಿಂದಿನ ದಿನವಷ್ಟೇ ರಿಜೆಕ್ಟ್ ಮಾಡಿದ್ದೆ. ಯಾರ್ಡಿನಲ್ಲಲ್ಲ, ಪಿಕ್ನಿಕ್ಕಿನಲ್ಲಿ.

ಇದೆಲ್ಲ ಶುರುವಾದದ್ದು ನನ್ನ ಮಗಳು ಶ್ರಾವ್ಯಳಿಂದ. ಅವಳಿಗೆ ಹದಿಮೂರು. ಗುಡ್ಡದ ನೆತ್ತಿಯಿಂದ ಕಲ್ಲು, ಬೇರು ಒಂದನ್ನೂ ಲೆಕ್ಕಿಸದೆ ಸೈಕಲ್ಲಿನಲ್ಲಿ ಧುಮುಕುತ್ತಾರಲ್ಲ, ಆ ಡೌನ್‌ಹಿಲ್ ರೇಸಿನ ಹುಚ್ಚು. ಊಟಕ್ಕೆ ಕೂತರೂ ಅದೇ ವಿಡಿಯೊ. ಕುವೈತಿನಲ್ಲಿ ಗುಡ್ಡ ಎಲ್ಲುಂಟು ಮಾರಾಯ್ರೆ? ನಾವಿರುವ ರಿಗ್ಗೈಯಲ್ಲಿ ಅತಿ ಎತ್ತರದ ಜಾಗವೆಂದರೆ ರೋಡ್ ಹಂಪ್.

ಒಂದು ದಿನ ಕೇಳಿದಳು. "ಪಪ್ಪಾ, ಇವರೆಲ್ಲ ರೇಸ್ ಮಾಡೋದು ಶಾಪಲ್ಲಿ ಸಿಗೋ ಸೇಮ್ ಫ್ರೇಮಾ? ಆರ್ ಈಸ್ ಇಟ್ ಸ್ಪೆಷಲಿ ಮೇಡ್?"

ನನಗೇನು ಗೊತ್ತು? ಆದರೆ ಗೊತ್ತಿಲ್ಲ ಎನ್ನುವ ಅಭ್ಯಾಸ ಅಪ್ಪಂದಿರಿಗಿಲ್ಲ. ಸೈಕಲ್ ಅಂಗಡಿಯ ಫಿಲಿಪಿನೊ ಮೆಕ್ಯಾನಿಕ್ಕನ್ನು ಕೇಳಿಕೊಂಡು ಬಂದೆ. ಅವನು ವಿವರಿಸಿದ. ಹೆಚ್ಚಿನವರ ಫ್ರೇಮ್ ಅಂಗಡಿಯಲ್ಲಿ ಸಿಗುವಂಥದ್ದೇ. ಮಾರ್ಕೆಟ್ಟಿಗೆ ಬರುವ ಮುಂಚಿನ ಟ್ರಯಲ್ ಫ್ರೇಮ್ ಕೆಲವರಿಗೆ ಸಿಗುವುದುಂಟು. ಆದರೆ ಅದಕ್ಕೆ ಜೋಡಿಸುವುದೆಲ್ಲ ಸವಾರನ ಮೈತೂಕ, ಕೈಯಳತೆ ನೋಡಿಯೇ. ಮುಂದಿನ ಚಕ್ರ ಹಿಡಿಯುವ ಫೋರ್ಕನ್ನು ಬಿಚ್ಚಿ ಒಳಗಿನದನ್ನೂ ಬದಲಾಯಿಸುತ್ತಾರೆ. ರೆಡಿಮೇಡ್ ಶರ್ಟ್ ತಂದು ಟೈಲರ್ ಹತ್ತಿರ ಆಲ್ಟರ್ ಮಾಡಿಸಿದ ಹಾಗೆ.

ಕೇಳಿ ಸುಮ್ಮನೆ ಬಂದೆನೇ? ಇಲ್ಲ. ಶ್ರಾವ್ಯಳ ಸೈಕಲ್ಲಿಗೂ ಹೊಸ ಫೋರ್ಕ್ ಹಾಕಿಸಿದೆ. ಹ್ಯಾಂಡಲನ್ನು ಅವಳ ಭುಜಕ್ಕೆ ಸರಿಯಾಗಿ ಕತ್ತರಿಸಿಕೊಟ್ಟರು. "ಇದೆಂಥದು?" ಎಂದು ಹೆಂಡತಿ ಕೇಳಿದಾಗ, "ಬರೀ ಸೆಟ್ಟಿಂಗ್" ಎಂದೆ.

ಅದಾಗಿ ಒಂದು ತಿಂಗಳಿಗೆ ಇಲ್ಲಿರುವ ನಮ್ಮ ಊರಿನವರ ಚಳಿಗಾಲದ ಪಿಕ್ನಿಕ್. ಈ ಸಲ ಮುತ್ಲಾದಲ್ಲಿ. ಇಡೀ ದೇಶಕ್ಕೆ ಗುಡ್ಡ ಎನ್ನಬಹುದಾದ ಒಂದು ಏರು ಇರುವುದು ಅಲ್ಲಿ. ಮಕ್ಕಳಿಗೆ ಇಳಿಜಾರಿನ ಸೈಕಲ್ ರೇಸ್ ಇಡೋಣ ಎಂದರು. ನಿಯಮ ಬರೆಯುವವರು ಯಾರು? ಇನ್ಯಾರು, ನಾನೇ. "ಫ್ರೇಮ್ ಕಂಪನಿಯಿಂದ ಬಂದ ಹಾಗೇ ಇರಬೇಕು. ಉಳಿದದ್ದು ನಿಮ್ಮಿಷ್ಟ." ಪ್ರೊಫೆಶನಲ್‌ಗಳೂ ಹಾಗೇ ಓಡಿಸುವುದು ಎಂದು ಎರಡು ನಿಮಿಷ ಭಾಷಣ ಬೇರೆ. "ಒಳ್ಳೆ ರೂಲ್ ಶೆಟ್ರೇ" ಎಂದರು. ನಾನು ಉಬ್ಬಿದೆ.

ಲ್ಯಾನ್ಸಿಯ ಮಗಳು ರಿಯಾ ಹನ್ನೆರಡರ ಹುಡುಗಿ. ವೆಲ್ಡರ್ ಸಂಬಳವೊಂದರಲ್ಲೇ ಸಂಸಾರ ಕರೆತರಲಾಗದು, ತಾಯಿ ಇಲ್ಲಿ ನರ್ಸ್, ಹಾಗಾಗಿ ಸಂಸಾರ ಇಲ್ಲೇ ಇದೆ. ಅವಳ ಸೈಕಲ್ ಫ್ರೈಡೇ ಮಾರ್ಕೆಟ್ಟಿನಲ್ಲಿ ಸಿಕ್ಕಿದ ಹಳೆಯ ಮಾಲು. ಹ್ಯಾಂಡಲ್ ಕೂರುವ ಕೊರಳಿನಲ್ಲಿ ಬಿರುಕು ಬಿಟ್ಟಿದ್ದನ್ನು ಅಪ್ಪನೇ ಬೆಸೆದುಕೊಟ್ಟಿದ್ದರು.

ಟ್ರಯಲ್ ಓಟ ಆಯಿತು. ರಿಯಾ ಎಲ್ಲರಿಗಿಂತ ಮೊದಲು ಕೆಳಗೆ ಬಂದಳು. ಶ್ರಾವ್ಯ ಎರಡನೆಯವಳು.

ಸೈಕಲ್ ಚೆಕ್ ಮಾಡಲು ನಾನು ಎದ್ದದ್ದು ಆಮೇಲೆ. ದಯವಿಟ್ಟು ಇದನ್ನು ಎರಡು ಸಲ ಓದಿ. ಆಮೇಲೆ.

"ಇಲ್ಲಿ ವೆಲ್ಡ್ ಆಗಿದೆಯಲ್ಲ ಲ್ಯಾನ್ಸಿ?"

"ಹೌದು ಸರ್. ನಾನೇ ಹಾಕಿದ್ದು."

"ರೂಲ್ ಪ್ರಕಾರ ಆಗೂದಿಲ್ಲ. ಸೇಫ್ಟಿ ವಿಷಯ ಬೇರೆ."

ಮೈಕ್ ನನ್ನ ಕೈಯಲ್ಲೇ ಇತ್ತು. ಬಿರಿಯಾನಿಯ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಲ್ಯಾನ್ಸಿ ವಾದ ಮಾಡಲಿಲ್ಲ. ಇನ್‌ಸ್ಪೆಕ್ಟರ್ ಜೊತೆ ವಾದ ಮಾಡಿ ಅವರಿಗೆ ಅಭ್ಯಾಸವಿಲ್ಲ. ರಿಯಾ ಹೆಲ್ಮೆಟ್ ತೆಗೆದು ಅಮ್ಮನ ಪಕ್ಕ ಹೋಗಿ ಕೂತಳು. ಅತ್ತಿದ್ದರೆ ಸಮಾಧಾನ ಮಾಡಿ ದೊಡ್ಡವನಾಗುತ್ತಿದ್ದೆ. ಅವಳು ಅಳಲೂ ಇಲ್ಲ.

ಶ್ರಾವ್ಯ ಗೆದ್ದಳು. ಟ್ರೋಫಿ ಕೊಟ್ಟವನೂ ನಾನೇ. ಫೋಟೊದಲ್ಲಿ ಅಪ್ಪ ಮಗಳು ಇಬ್ಬರೂ ಹಲ್ಲು ಬಿಟ್ಟಿದ್ದೇವೆ.

ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಶ್ರಾವ್ಯಳ ದನಿ. "ಬಟ್ ಪಪ್ಪಾ, ಮೈ ಬೈಕ್ ಈಸ್ ಆಲ್ಸೊ ನಾಟ್ ಲೈಕ್ ದ ಶಾಪ್ ಒನ್, ನೋ?"

"ಅದು ಬರೀ ಸೆಟ್ಟಿಂಗ್ ಮಗಾ" ಎಂದೆ. ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು. ಆಚೆ ಮರಳು ಬಿಟ್ಟರೆ ಏನೂ ಇರಲಿಲ್ಲ.

ನಿಯಮ ಬರೆಯುವಾಗ ಇದೆಲ್ಲ ನನಗೆ ಹೊಳೆದಿರಲಿಲ್ಲವೇ? ಹೊಳೆದಿತ್ತು. ಹ್ಯಾಂಡಲ್ ಕತ್ತರಿಸಿದ ಆ ಸೈಕಲ್ ಎದುರಿಗೇ ಗೋಡೆಗೆ ಒರಗಿ ನಿಂತಿತ್ತು. ನನ್ನ ಮಗಳು ಪಾಸಾಗುವ ಹಾಗೆ ಅಳತೆ ಹಿಡಿದೇ ಆ ಎರಡು ಸಾಲು ಬರೆದಿದ್ದೆ. ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಈಗ ಶನಿವಾರಕ್ಕೆ ಬನ್ನಿ. ಬೆಡ್‌ಶೀಟ್ ಬಿಚ್ಚುತ್ತ ಲ್ಯಾನ್ಸಿ ಹೇಳಿದರು.

"ನಿನ್ನೆ ನೀವು ಸೇಫ್ಟಿ ಅಂದ್ರಲ್ಲ ಸರ್, ಮನಸ್ಸಿಗೆ ಸಮಾಧಾನ ಇಲ್ಲ. ಮಗಳು ಕೂತ್ಕೊಳ್ಳುವ ಸೈಕಲ್ ಅಲ್ವಾ? ಬೇಗ ಬಂದು ಡಿಪಿ ಮಾಡಿ ನೋಡಿದೆ. ನನಗೆ ಎಂತದೂ ಕಾಣ್ಲಿಲ್ಲ. ನಿಮ್ಮ ಕಣ್ಣಿಗೆ ಕಂಡದ್ದು ಎಂತ?"

ಡಿಪಿ ಎಂದರೆ ಕೆಂಪು ಬಣ್ಣ ಹಚ್ಚಿ ಕೂದಲೆಳೆಯಷ್ಟು ಬಿರುಕನ್ನೂ ಹಿಡಿಯುವ ಪರೀಕ್ಷೆ. ಫ್ರೇಮಿನ ಕೊರಳಲ್ಲಿ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ಅವರ ಉಗುರಿನ ಸಂದಿಯಲ್ಲೂ ಇತ್ತು.

ಟಾರ್ಚ್ ಹಿಡಿದೆ. ಭೂತಗನ್ನಡಿ ಹಿಡಿದೆ. ನಿಜ ಹೇಳಲೇ? ಸೂಜಿಮೊನೆಯಷ್ಟು ತೂತಾದರೂ ಸಿಗಲಿ ದೇವರೇ ಎಂದು ಬೇಡಿಕೊಂಡೆ. ಸಿಕ್ಕಿದ್ದರೆ ನಾನು ಬಚಾವು. ಇಷ್ಟು ಚಂದದ ವೆಲ್ಡನ್ನು ರಿಫೈನರಿಯ ಪೈಪಿನಲ್ಲೂ ನಾನು ಅಪರೂಪಕ್ಕೆ ನೋಡಿದ್ದು.

"ವೆಲ್ಡ್ ಸರಿ ಉಂಟು ಲ್ಯಾನ್ಸಿ."

"ಹಾಗಾದ್ರೆ ರಿಯಾ ಕೂತ್ಕೊಳ್ಳಬಹುದಾ ಸರ್?"

"ಕೂತ್ಕೊಳ್ಳಬಹುದು."

ಅವರ ಮುಖ ಅರಳಿತು. "ಥ್ಯಾಂಕ್ಸ್ ಸರ್. ನೀವು ನೋಡಿ ಹೇಳಿದ್ರೆ ಒಂದು ಧೈರ್ಯ." ಮತ್ತೆ ಬೆಡ್‌ಶೀಟ್ ಸುತ್ತಿದರು. ಹಾಗಾದರೆ ನಿನ್ನೆ ಯಾಕೆ ಬೇಡ ಎಂದಿರಿ ಎಂದು ಅವರು ಕೇಳಲಿಲ್ಲ. ಬಾಯಿಯವರೆಗೆ ಬಂದ ಮಾತನ್ನು ಆರಿದ ಚಹಾದ ಜೊತೆ ನುಂಗಿದೆ.

ಟ್ರೋಫಿ ಈಗ ನಮ್ಮ ಟಿವಿಯ ಪಕ್ಕದಲ್ಲಿದೆ. ವಾರ್ತೆ ನೋಡಲು ಕೂತಾಗಲೆಲ್ಲ ಕಣ್ಣಿಗೆ ಬೀಳುತ್ತದೆ.

ಲ್ಯಾನ್ಸಿ ಈ ಅಂಕಣವನ್ನು ವಾರವಾರವೂ ಓದುತ್ತಾರೆ, ಹೆಂಡತಿಗೂ ಮಗಳಿಗೂ ಓದಿ ಹೇಳುತ್ತಾರೆ. ಕ್ಯಾಬಿನ್ನಿನಿಂದ ಅವರ ವೆಲ್ಡಿಂಗ್ ಶೆಡ್ಡಿಗೆ ನಲವತ್ತು ಹೆಜ್ಜೆ. ಅಷ್ಟು ನಡೆದು ಹೋಗಿ ಕೇಳಬೇಕಾದ ಕ್ಷಮೆಯನ್ನು ಹೀಗೆ ಪೇಪರಿನಲ್ಲಿ ಕೇಳುತ್ತಿದ್ದೇನಲ್ಲ, ಇದೂ ಬರೀ ಸೆಟ್ಟಿಂಗೇ?